ಗಂಡು ಮೂಗಿನ ಹೆಣ್ಣುಗಳು

ಆಗ ನನಗೆ ಅರವತ್ತೆಂಟು. ಇದು ನಾಲ್ಕು ವರ್ಷದ ಹಿಂದಿನ ಮಾತು. ನನ್ನ ವಯಸ್ಸು ಸರಿಯಾಗಿ ಯಾರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಏನು ಬರೆದಿದ್ದಾರೋ ಅದನ್ನೇ ನಾನೂ ಹೇಳುತ್ತೇನೆ. ಆ ಕಾರ್ಡಿನ ಫೋಟೊದಲ್ಲಿ ನನ್ನ ಮುಖ ಕಾಣುವುದಿಲ್ಲ, ಮೂಗು ಕಾಣುತ್ತದೆ. ಫೋಟೊ ತೆಗೆದವನು ತಲೆ ಸ್ವಲ್ಪ ಬಗ್ಗಿಸಿ ಎಂದ. ಬಗ್ಗಿಸಿದೆ, ಮೂಗು ಇನ್ನೂ ಉದ್ದ ಬಂತು. ಅವನು ಮುಂದಿನವರನ್ನು ಕರೆದ.

ಇದು ನಮ್ಮಪ್ಪನ ಮೂಗು. ನನ್ನ ತಮ್ಮಂದಿರಿಗೆಲ್ಲ ನಮ್ಮವ್ವನ ಪುಟ್ಟ ಮೂಗು ಹೋಗಿ, ಇದು ನನ್ನ ಪಾಲಿಗೆ ಬಂತು. ಮದುವೆಯಾಗಿ ಮುಳ್ಳೂರಿಗೆ ಬಂದಾಗ ನಮ್ಮತ್ತೆ ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಗಂಡು ಮೂಗು" ಎಂದು ಒಂದೇ ಮಾತು ಹೇಳಿ ಕೈ ಬಿಟ್ಟಿದ್ದಳು. ಗಂಡು ಮೂಗಿನ ಹೆಣ್ಣು ಹೊಸಿಲು ದಾಟಿ ಒಳಗೆ ಬಂದರೆ ಆ ಮನೆಯ ಗಂಡಿನ ಮಾತು ಹಿತ್ತಿಲ ಬಾಗಿಲಿಂದ ಆಚೆ ಹೋಗುತ್ತದೆ ಎಂದು ನಮ್ಮ ಕಡೆ ಹಳಬರು ಹೇಳುತ್ತಿದ್ದರು. ನಮ್ಮ ಯಜಮಾನರ ಮೂಗು ಹುರಿಗಡಲೆ ಅಂಟಿಸಿದ ಹಾಗಿದೆ. ಅವರ ಮಾತು ಎಲ್ಲಿಗೂ ಹೋಗಲಿಲ್ಲ, ಜಗಲಿಯ ಮೇಲೆಯೇ ಕೂತಿದೆ. ಯಾರೂ ಕೇಳುವುದಿಲ್ಲ, ಅಷ್ಟೇ.

ನನ್ನ ಮಗನಿಗೆ ಅಪ್ಪನ ಹುರಿಗಡಲೆಯೇ ಬಂತು. ಸೊಸೆ ಧನಗೆರೆಯವಳು, ಅವಳದೂ ಸಣ್ಣ ಮೂಗು, ಸಣ್ಣ ದನಿ. ಇವರಿಬ್ಬರಿಗೆ ಹುಟ್ಟಿದ ನನ್ನ ಮೊಮ್ಮಗಳಿಗೆ ಮಾತ್ರ ನಡುವೆ ಒಂದು ತಲೆ ದಾಟಿ ನನ್ನ ಮೂಗು ಬಂದು ಕೂತಿತು. ಅದರಿಂದಲೇ ಈ ರಗಳೆ.

ಮೊಮ್ಮಗಳಿಗೆ ಆಗ ಇಪ್ಪತ್ತಮೂರು. ಕೊಳ್ಳೇಗಾಲದಲ್ಲಿ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಅಗರದ ಒಬ್ಬ ಹುಡುಗ ಅಲ್ಲಿಗೆ ಬರುತ್ತಿದ್ದ. ಅವನಿಗೆ ಯಳಂದೂರಿನಲ್ಲಿ ಪಂಪಿನ ಮೋಟಾರು ಸುತ್ತುವ ಅಂಗಡಿ. ತಾಮ್ರದ ತಂತಿ ತರಲು ಕೊಳ್ಳೇಗಾಲಕ್ಕೆ ಬಂದಾಗಲೆಲ್ಲ ಅವನ ಅಜ್ಜಿಯ ಮಂಡಿಗೆ ಮುಲಾಮು ಬೇಕು ಎನ್ನುತ್ತಿದ್ದ. ಒಂದು ಟ್ಯೂಬು ಒಂದು ತಿಂಗಳು ಬರುತ್ತದೆ, ಇವನು ವಾರಕ್ಕೊಂದು ಕೊಳ್ಳುತ್ತಿದ್ದ. ಅಷ್ಟನ್ನೂ ಹಚ್ಚಿದ್ದರೆ ಆ ಅಜ್ಜಿ ಬಿಳಿಗಿರಿರಂಗನ ಬೆಟ್ಟವನ್ನು ಓಡಿಕೊಂಡು ಹತ್ತುತ್ತಿದ್ದಳು. ವಿಷಯ ನಮ್ಮ ಕಿವಿಗೆ ಬಿತ್ತು. ಜಾತಿ ಒಂದೇ, ಗದ್ದೆ ತೋಟ ಹೆಚ್ಚುಕಮ್ಮಿ ಸಮ, ಜಗಳ ಮಾಡಲು ಯಾರಿಗೂ ಕಾರಣ ಸಿಗಲಿಲ್ಲ. ಹೆಣ್ಣು ನೋಡಲು ಬನ್ನಿ ಎಂದು ಹೇಳಿ ಕಳಿಸಿದೆವು.

ಹುಡುಗ, ಅವನ ಅಪ್ಪ ಅಮ್ಮ, ಮತ್ತೆ ಆ ಅಜ್ಜಿ ಬಂದರು. ಬಂದದ್ದು ನಾಲ್ವರಾದರೂ ಬಾಯಿ ಇದ್ದದ್ದು ಒಂದೇ ಎಂದು ಒಳಗೆ ಬರುವಾಗಲೇ ತಿಳಿಯಿತು. ಅಜ್ಜಿ ಕೂರು ಎಂದರೆ ಮಗ ಕೂತ, ತಿನ್ನು ಎಂದರೆ ತಿಂದ. ಅವಳು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡಳು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು, ಅಡುಗೆ, ಕೆಲಸ ಎಲ್ಲ ಕೇಳಿದಳು. ಎದ್ದು ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ತರಕಾರಿ ಬೇಡ ಎಂದಷ್ಟು ಸಲೀಸಾಗಿ ಹೇಳಿದಳು:

"ಕೂಸು ಚೆಂದಾಗವ್ಳ. ಆದ್ರ ಗಂಡು ಮೂಗು. ನಮ್ಮಟ್ಟಿಗ ಆಗಕಿಲ್ಲ ಕಣಮ್ಮಿ."

ನಮ್ಮ ಕಡೆ ಮನೆಗೆ ಅಟ್ಟಿ ಎನ್ನುತ್ತೇವೆ. ಅವರ ಅಟ್ಟಿಗೆ ಆಗದಂಥದ್ದು ನನ್ನ ಮೂಗಿನಲ್ಲಿ ಏನಿದೆ ಎಂದು ಕೇಳುವಷ್ಟರಲ್ಲಿ ಅವರ ಆಟೊ ಹೊರಟುಹೋಯಿತು. ಹುಡುಗ ಮಾತ್ರ ಹಿಂದಿನ ಸಂದಿಯಿಂದ ಕತ್ತು ಹಾಕಿ ನೋಡುತ್ತಲೇ ಹೋದ.

ಮೊಮ್ಮಗಳು ಅಳಲಿಲ್ಲ. ಅತ್ತಿದ್ದರೆ ಬೈದು ಸುಮ್ಮನಾಗಿಸುತ್ತಿದ್ದೆ. ಅವಳು ಕನ್ನಡಿ ಮುಂದೆ ನಿಂತು ಮೂಗಿನ ತುದಿಯನ್ನು ಬೆರಳಿನಿಂದ ಮೇಲೆತ್ತಿ ನೋಡುತ್ತಿದ್ದಳು.

"ಅಜ್ಜಿ, ಮೈಸೂರಲ್ಲಿ ಆಪರೇಷನ್ ಮಾಡಿ ಮೂಗ ಸಣ್ಣ ಮಾಡ್ತಾರಂತ" ಎಂದಳು.

"ಮಾಡ್ತಾರ, ಮಾಡ್ತಾರ. ಕಿವೀನೂ ಕುಯ್ಸ್ಕೊ, ಒಂದಕ್ಕ ಒಂದು ಬಿಟ್ಟಿ ಕೊಡ್ತಾರ" ಎಂದೆ.

ಅವಳು ನಗಲಿಲ್ಲ. ಆಗ ನನಗೆ ಇದು ಸದರದ ಮಾತಲ್ಲ ಎಂದು ಗೊತ್ತಾಯಿತು. ಅವಳಿಗೆ ಆ ಹುಡುಗ ಬೇಕು. ಅವನಿಗಾಗಿ ನಮ್ಮಪ್ಪನ ಮೂಗನ್ನು ಕುಯ್ಯಿಸಲೂ ಅವಳು ತಯಾರು. ಹುಡುಗನಿಗೆ ಬೇರೆ ಹೆಣ್ಣು ನೋಡುತ್ತಿದ್ದಾರೆ ಎಂಬ ಸುದ್ದಿಯೂ ಅದೇ ವಾರ ಬಂತು.

ಇದರ ನಡುವೆ ಅಳೆಯುವ ಹುಡುಗಿ ಬಂದಳು. ಹನೂರಿನವಳು, ಮೊಮ್ಮಗಳ ಜೊತೆ ಕಾಲೇಜಿನಲ್ಲಿ ಓದಿದವಳು. ಆಮೇಲೆ ಮೈಸೂರಿಗೆ ಹೋಗಿ ಮನುಷ್ಯರ ಮೈಕಟ್ಟಿನ ಬಗ್ಗೆ ದೊಡ್ಡ ಓದು ಓದುತ್ತಿದ್ದಳು. ಗಂಡಸರ ಮೂಗಿಗೂ ಹೆಂಗಸರ ಮೂಗಿಗೂ ಏನು ವ್ಯತ್ಯಾಸ ಎಂದು ಊರೂರು ತಿರುಗಿ ಅಳೆಯುವುದು ಅವಳ ಕೆಲಸ. ಇಂಥದ್ದಕ್ಕೂ ಓದು ಇದೆ ಎಂದು ನನಗೆ ಆವತ್ತೇ ಗೊತ್ತಾದದ್ದು. ನಾನು ಮೂರನೇ ಕ್ಲಾಸಿಗೆ ಬಿಟ್ಟೆ, ಮೂಗಿನ ಪಾಠ ಬರುವಷ್ಟು ದೂರ ಹೋಗಲಿಲ್ಲ.

ಅವಳ ಹತ್ತಿರ ಒಂದು ಸ್ಟೀಲಿನ ಅಳತೆ ಕಡ್ಡಿ ಇತ್ತು. ಅದಕ್ಕೆ ಏಡಿಯ ಕೊಂಡಿಯ ಹಾಗೆ ಎರಡು ಕೈ, ಒಂದು ನಿಂತೇ ಇರುತ್ತದೆ, ಇನ್ನೊಂದು ಸರಿಯುತ್ತದೆ. ಎರಡು ಕಣ್ಣಿನ ನಡುವಿನ ಗುಳಿಯಿಂದ ಮೂಗಿನ ಬುಡದವರೆಗೆ ಒಂದು ಅಳತೆ, ಈ ಹೊಳ್ಳೆಯಿಂದ ಆ ಹೊಳ್ಳೆಗೆ ಇನ್ನೊಂದು. ನಮ್ಮ ಜಗಲಿಯಲ್ಲೇ ಕುರ್ಚಿ ಹಾಕಿ ಕೂತಳು. ಬೀದಿಯವರೆಲ್ಲ ಬಂದರು. ಒಳ್ಳೆಯ ಹುಡುಗಿಯೇ, ಆದರೆ ಮೊದಲಿಗೇ ಬಾಯಿ ಬಿಟ್ಟು ಕೆಡಿಸಿಕೊಂಡಳು.

"ಸಾಮಾನ್ಯವಾಗಿ ಗಂಡಸರ ಮೂಗು ದೊಡ್ಡದಿರುತ್ತೆ, ಹೆಂಗಸರದು ಚಿಕ್ಕದಿರುತ್ತೆ. ಎಷ್ಟು ಅಂತ ನೋಡೋಕೆ ಬಂದಿದೀನಿ" ಎಂದಳು.

ಅಷ್ಟು ಸಾಕಾಯಿತು. ಮೊದಲು ಕೂತವರು ನಮ್ಮ ಯಜಮಾನರು. ಬದುಕಿನಲ್ಲಿ ದೊಡ್ಡವರಾಗಲು ಒಂದು ಅವಕಾಶ ಸಿಕ್ಕಿದೆ, ಬಿಡುತ್ತಾರೆಯೇ? ಉಸಿರು ಎಳೆದು ಹೊಳ್ಳೆ ಎರಡನ್ನೂ ಉಬ್ಬಿಸಿ ಕೂತರು. ಮುಖ ಕೆಂಪಾಯಿತು, ಕಣ್ಣು ಮುಂದೆ ಬಂತು.

"ತಾತ, ಉಸಿರು ಬಿಡಿ."

"ಬುಟ್ಟಿವ್ನಿ ಕಣವ್ವ. ನನ್ ಮೂಗು ಇರಾದೇ ಹಿಂಗ."

"ನಾನೂ ಐವತ್ತು ವರ್ಸದಿಂದ ನೋಡ್ತಾವ್ನಿ" ಎಂದೆ ನಾನು ಬಾಗಿಲಲ್ಲಿ ನಿಂತು. "ಬುಡಿ ಸಾಕು. ಹೊಲಿಗೆ ಬಿಟ್ಕಂಡ್ರ ಈ ವಯಸ್ಸಲ್ಲಿ ಯಾರು ಹಾಕ್ತಾರ?"

ಅವರು ಬಿಡಲಿಲ್ಲ. ಅವರ ಹಿಂದೆ ಬಂದ ಗಂಡಸರೆಲ್ಲ ಅವರನ್ನು ನೋಡಿ ಕಲಿತರು. ಒಬ್ಬೊಬ್ಬನೂ ಕೂತ ಕೂಡಲೇ ಉಬ್ಬುವುದು. ಹೆಂಗಸರು ಇದಕ್ಕೆ ತದ್ವಿರುದ್ಧ. ಸಣ್ಣ ಮೂಗು ಇದ್ದವಳು ಚೆಲುವೆ ಎಂದು ಹುಟ್ಟಿದಾಗಿನಿಂದ ಕೇಳಿದವರು, ಅವರು ಸುಮ್ಮನೆ ಕೂರುತ್ತಾರೆಯೇ? ಪಕ್ಕದ ಮನೆಯವಳು ಹೊಳ್ಳೆಗಳನ್ನು ಒಳಗೆ ಎಳೆದುಕೊಂಡು, ತುಟಿಯನ್ನು ಪೀಪಿ ಊದುವವಳ ಹಾಗೆ ಮುಂದೆ ಚಾಚಿದಳು. ಎದುರು ಮನೆಯವಳು ಉಸಿರನ್ನೇ ತೆಗೆದುಕೊಳ್ಳಲಿಲ್ಲ. ಅಳೆದು ಮುಗಿಯುವ ಹೊತ್ತಿಗೆ ಅವಳಿಗೆ ನೀರು ಕುಡಿಸಬೇಕಾಯಿತು.

ಹುಡುಗಿ ಕೆಲಸ ನಿಲ್ಲಿಸಿ ಪೆನ್ನು ಕಚ್ಚಿಕೊಂಡು ಯೋಚನೆ ಮಾಡಿದಳು.

"ಅಜ್ಜಿ, ನಿಮ್ಮೂರಲ್ಲಿ ಗಂಡಸರೂ ಹೆಂಗಸರೂ ಬೇರೆ ಬೇರೆ ದೇಶದೋರ ಥರ ಇದ್ದಾರಲ್ಲ? ಇಷ್ಟು ವ್ಯತ್ಯಾಸ ಎಲ್ಲೂ ಬಂದಿಲ್ಲ."

"ಗಂಡುಸ್ರು ಊದ್ಕತಾವ್ರ, ಹೆಂಗುಸ್ರು ಹೀರ್ಕತಾವ್ರ. ನೀನು ಮೂಗ ಅಳೀತಿಲ್ಲ ಕೂಸೇ, ಬಡಿವಾರ ಅಳೀತಿದ್ದೀಯ" ಎಂದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎಲ್ಲರನ್ನೂ ಮತ್ತೆ ಕೂರಿಸಿದಳು. ಈ ಸಲ ಆತುರಪಡಲಿಲ್ಲ, ಕಡ್ಡಿ ಹಿಡಿದು ಸುಮ್ಮನೆ ಕಾದಳು. ಎಷ್ಟು ಹೊತ್ತು ಉಬ್ಬುತ್ತಾರೆ? ಸೋತು ಉಸಿರು ಬಿಟ್ಟ ಗಳಿಗೆಯಲ್ಲಿ ಅಳೆದಳು. ಯಜಮಾನರದು ಹುರಿಗಡಲೆ ಹುರಿಗಡಲೆಯೇ ಆಯಿತು. ಅವರು ಎದ್ದು, ಕಡ್ಡಿ ಸರಿಯಿಲ್ಲ ಎಂದು ಹೇಳಿ ಗದ್ದೆ ಕಡೆ ಹೋದರು.

ಕೊನೆಗೆ ನಾನು ಕೂತೆ. ಸ್ಟೀಲು ತಣ್ಣಗೆ ಹತ್ತಿತು.

"ನಿಮ್ಮದು ಚೆನ್ನಾಗಿ ಉದ್ದ ಇದೆ ಅಜ್ಜಿ."

"ಉದ್ದ ನಂಗ ಗೊತ್ತು. ಇದು ಗಂಡುಸ್ರುದಾ, ಹೆಂಗುಸ್ರುದಾ? ಅದ ಹೇಳು."

"ಹಾಗೆಲ್ಲ ಒಂದು ಮೂಗು ನೋಡಿ ಹೇಳೋಕಾಗಲ್ಲ. ತುಂಬ ಜನರದ್ದು ಸೇರಿಸಿ ನೋಡಿದ್ರೆ ಗಂಡಸರದು ಸ್ವಲ್ಪ ಮುಂದಿರುತ್ತೆ, ಅಷ್ಟೆ. ಒಬ್ಬೊಬ್ಬರನ್ನೇ ನಿಲ್ಲಿಸಿದ್ರೆ ಎಲ್ಲ ಕಲೆಸಿಹೋಗುತ್ತೆ. ಗಂಡಸಿಗಿಂತ ದೊಡ್ಡ ಮೂಗಿನ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಮತ್ತೆ ವಯಸ್ಸಾದ ಹಾಗೆ ಮೂಗಿನ ತುದಿ ಜೋಲುತ್ತೆ, ಎಲ್ಲರದ್ದೂ ಉದ್ದ ಕಾಣುತ್ತೆ."

"ಅಂಗಾದ್ರ ಮುದುಕೀರೆಲ್ಲ ಗಂಡುಸ್ರೇ ಅನ್ನು."

ಇದನ್ನೆಲ್ಲ ಮೊಮ್ಮಗಳು ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. "ಇಲ್ಲಿ ಹೇಳಿ ಏನು ಬಂತು? ಅಗರದಲ್ಲಿ ಯಾರು ಹೇಳ್ತಾರ?" ಎಂದು ಒಳಗೆ ಹೋದಳು.

ನನ್ನ ತಲೆಗೆ ಆಗ ಹೊಳೆಯಿತು. ಉಪ್ಪಿಟ್ಟು ತಿನ್ನುವಾಗ ಆ ಅಗರದ ಅಜ್ಜಿಯ ಮುಖವನ್ನು ನಾನು ಓರೆಯಲ್ಲಿ ನೋಡಿದ್ದೆ. ಅವಳ ಮೂಗು ನೆರಳು ಬೀಳುವಂಥದ್ದು. ತನ್ನ ಮೂಗು ಅಷ್ಟಿಟ್ಟುಕೊಂಡು ನನ್ನ ಮೊಮ್ಮಗಳ ಮೂಗಿಗೆ ಹೆಸರಿಡುತ್ತಾಳಲ್ಲ, ಊರವರ ಎದುರಿಗೆ ಅದನ್ನು ಅಳೆಸಿದರೆ? ನಾಚಿಕೆಯಾಗಿ ಒಪ್ಪಿಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ.

"ಯಳಂದೂರು ಕಡೆ ಮೂಗು ಬ್ಯಾಡ್ವಾ ನಿಂಗ?" ಎಂದು ಹುಡುಗಿಯನ್ನು ಕೇಳಿದೆ.

"ಬೇಕು ಅಜ್ಜಿ. ಆದರೆ ಒಂದು ಮಾತು, ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ ನಾನು."

"ನೀನು ಅಳಿ ಸಾಕು. ಹೇಳೋರು ಹೇಳ್ತಾರ."

ಮಾರನೆಯ ದಿನ ಕೊಳ್ಳೇಗಾಲಕ್ಕೆ ಒಂದು ಬಸ್ಸು, ಅಲ್ಲಿಂದ ಯಳಂದೂರಿಗೆ ಇನ್ನೊಂದು, ಕಡೆಗೆ ಆಟೊ. ದಾರಿಯುದ್ದಕ್ಕೂ ಹುಡುಗಿಯ ಅಮ್ಮ ಹನೂರಿನಿಂದ ಫೋನು ಮಾಡಿ ತಮಿಳಿನಲ್ಲಿ ಸಾಪ್ಟಿಯಾ, ಸಾಪ್ಟಿಯಾ ಎಂದು ಕೇಳುತ್ತಿದ್ದಳು. ಊಟ ಆಯಿತಾ ಎಂದು. ಬಸ್ಸಿನವರಿಗೆಲ್ಲ ಕೇಳಿಸಿತು, ಒಬ್ಬ ಗಂಡಸು ಬಾಳೆಹಣ್ಣನ್ನೂ ಕೊಟ್ಟ.

ಅಗರದ ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದೇಳಲಿಲ್ಲ.

"ಏನಮ್ಮಿ, ಮೂಗ ಬದ್ಲಾಯಿಸ್ಕಂಡು ಬಂದ್ಯಾ?"

"ಇಲ್ಲ ಕಣಕ್ಕ. ನಿನ್ದು ನೋಡಿ ಅಂಥದ್ದೇ ಒಂದು ತಕಳವಾ ಅಂತ ಬಂದೆ."

"ಕೂರು, ಕೂರು. ನೀರು ಕುಡಿ ಮೊದ್ಲು. ಜಗಳಕ್ಕ ಗಂಟ್ಲು ಬೇಕಲ್ಲ."

ಹುಡುಗಿ ತನ್ನ ಕೆಲಸ ಏನು ಎಂದು ಹೇಳಿ ಕಡ್ಡಿ ತೆಗೆದಳು. ಬೀದಿಯಲ್ಲಿ ಸುದ್ದಿ ಹೋದದ್ದು ಬೇರೆ ಥರ. ಮೂಗಿನ ಡಾಕ್ಟರು ಬಂದಿದ್ದಾರೆ ಎಂದು ಒಬ್ಬಳು ನೆಗಡಿಯ ಮಗುವನ್ನು ಎತ್ತಿಕೊಂಡು ಬಂದಳು. ಹೆಣ್ಣಿನ ಮೂಗು ಗಂಡಿನ ಮೂಗು ತಾಳೆ ನೋಡಿ ಹೇಳುತ್ತಾರಂತೆ ಎಂದು ಇನ್ನೊಬ್ಬ ತನ್ನ ಮಗನನ್ನು ಕರೆತಂದು, ಹೆಣ್ಣಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ, "ಈ ಎರಡೂ ಕೂಡ್ತದಾ ನೋಡಿ ಮೇಡಂ" ಎಂದ. ಹುಡುಗಿ ಇಲ್ಲ ಇಲ್ಲ ಎಂದು ಕೈಯಾಡಿಸಿದಷ್ಟೂ, ದೊಡ್ಡ ಡಾಕ್ಟರು, ಸುಲಭಕ್ಕೆ ನೋಡುವುದಿಲ್ಲ ಎಂದು ಅವರಿಗೆ ನಂಬಿಕೆ ಹೆಚ್ಚಾಯಿತು. ಬಂದವರ ಮೂಗನ್ನೆಲ್ಲ ಅಳೆದುಕೊಂಡಳು, ಕೂಡುತ್ತದೆ ಎಂದು ಮಾತ್ರ ಹೇಳಲಿಲ್ಲ.

ಅಷ್ಟರಲ್ಲಿ ನಮ್ಮ ಮೋಟಾರು ಸುತ್ತುವ ಹುಡುಗ ಊಟಕ್ಕೆ ಬಂದ. ನನ್ನನ್ನು ನೋಡಿ ಬೈಕಿನಿಂದ ಇಳಿಯುವುದೋ ಬೇಡವೋ ಎಂದು ನಿಂತ. ಅವನನ್ನೂ ಕೂರಿಸಿದೆವು. ಕೂತ ಕೂಡಲೇ ಹೊಳ್ಳೆ ಉಬ್ಬಿತು. ಮುಳ್ಳೂರಿನವರು ಇವನಿಗೆ ಹೇಳಿಕೊಟ್ಟಿರಲಿಲ್ಲ, ಗಂಡಸರಿಗೆ ಇದು ಹುಟ್ಟಿನಿಂದಲೇ ಬರುತ್ತದೆ ಎಂದು ಕಾಣುತ್ತದೆ. ಅವನ ಅಜ್ಜಿ ಹುಣಸೆ ಕೈಯಲ್ಲೇ ಅವನ ತಲೆಗೆ ಒಂದು ಮೊಟಕಿದಳು.

"ಸುಮ್ನ ಉಸುರು ಬುಡ್ಲಾ. ಸೈಕಲ್ ಟ್ಯೂಬಾ ನೀನು?"

ಆಮೇಲೆ ಅವಳ ಸರದಿ. ನಾನು ಕತ್ತು ಮುಂದೆ ಮಾಡಿ ಕೂತೆ. ಅವಳು ಉಬ್ಬಿಸಲೂ ಇಲ್ಲ, ಹೀರಲೂ ಇಲ್ಲ. ಪಳಗಿದ ಎತ್ತು ಮೂಗುದಾರಕ್ಕೆ ಕೊಡುವ ಹಾಗೆ ನೆಟ್ಟಗೆ ಮುಖ ಕೊಟ್ಟಳು. ಹುಡುಗಿ ಎರಡು ಸಲ ಅಳೆದು ಅವಳ ಕಿವಿಯ ಹತ್ತಿರ ಬಗ್ಗಿದಳು.

"ಕಿವೀಲಿ ಯಾಕ ಹೇಳೀಯೆ? ಜೋರಾಗೇಳು."

"ನಿಮಗೆ ಮಾತ್ರ ಹೇಳಬೇಕು ಅಜ್ಜಿ."

"ನನ್ ಮೂಗು, ನನ್ ಜಗ್ಲಿ. ಜೋರಾಗೇಳು, ಬೀದಿಗ ಕೇಳ್ಲಿ."

ಹುಡುಗಿ ಹೇಳಿದಳು. ನಾನು ನನ್ನದನ್ನೂ ಹೇಳು ಎಂದೆ, ಹೇಳಿದಳು. ಅವಳದು ನನ್ನದಕ್ಕಿಂತ ಕೂದಲೆಳೆ ಉದ್ದ. ಜಗಲಿಯಲ್ಲಿ ಕೂತ ಒಬ್ಬ ಗಂಡಸಿನದೂ ಅವಳ ಹತ್ತಿರಕ್ಕೆ ಬರಲಿಲ್ಲ ಎನ್ನುವುದಕ್ಕೆ ಕಡ್ಡಿ ಬೇಕಿರಲಿಲ್ಲ, ಕಣ್ಣೇ ಸಾಕಿತ್ತು.

"ನೋಡ್ದ್ಯಾ ಅಕ್ಕ? ಗಂಡು ಮೂಗು ಯಾರದು ಈಗ?" ಎಂದೆ.

ಅವಳ ಮುಖ ಬಾಡುತ್ತದೆ ಎಂದು ಕಾದೆ. ಅವಳು ನಕ್ಕಳು. ಮಡಿಲಿನ ಹುಣಸೆ ಬೀಜವೆಲ್ಲ ಜಗಲಿಯ ಮೇಲೆ ಉರುಳುವ ಹಾಗೆ ನಕ್ಕಳು.

"ಅಯ್ಯೋ ಪೆದ್ದಿ! ಇದ್ನ ಕಂಡಿಡ್ಯಕ್ಕ ಮೈಸೂರಿಂದ ಕಡ್ಡಿ ತರ್ಸಿದ್ಯಾ? ನಂದು ಗಂಡು ಮೂಗು ಅಂತ ಊರ್ಗೆಲ್ಲ ಗೊತ್ತು. ನಾನು ಈ ಅಟ್ಟಿಗ ಬಂದ್ಮೇಲ ನಮ್ಮತ್ತ ಒಂದು ವರ್ಸ ಮಾತಾಡುದ್ಳು, ಆಮೇಲಿಂದ ನಾನೇ. ನನ್ ಗಂಡ ಸಾಯೋಗಂಟ ಊಂ ಅಂದ, ಊಹೂಂ ಅನ್ನಿಲ್ಲ. ಅದ್ಕೇ ಬ್ಯಾಡ ಅಂದದ್ದು. ನಿನ್ ಮೊಮ್ಮಗಳು ಚೆಂದಾಗಿಲ್ಲ ಅಂದ್ನಾ ನಾನು? ಒಂದು ಅಟ್ಟಿಗ ಇಂಥದ್ದು ಒಂದಿದ್ರ ಸಾಕು ಕಣಮ್ಮಿ. ಎರಡಾದ್ರ ಗೋಡ ನಿಲ್ಲಾಕಿಲ್ಲ."

ನನ್ನ ಲೆಕ್ಕ ಬುಡಮೇಲಾಯಿತು. ನಾಚಿಕೆ ಇರುವವರನ್ನು ನಾಚಿಸಬಹುದು. ಇವಳು ತನ್ನ ಮೂಗನ್ನು ಹೊಲದ ಹಾಗೆ ಅನುಭವಿಸಿದವಳು. ಆದರೆ ಮೊಮ್ಮಗಳು ಕನ್ನಡಿ ಮುಂದೆ ನಿಂತದ್ದು ನನ್ನ ಕಣ್ಣಲ್ಲಿತ್ತು, ಬರಿಗೈಯಲ್ಲಿ ಹೋಗುವಂತಿರಲಿಲ್ಲ.

"ನಿಂಗೆಷ್ಟು ವರ್ಸ ಅಕ್ಕ?" ಎಂದು ಕೇಳಿದೆ.

"ಎಂಬತ್ತಾಗಿರ್ಬೋದು."

"ಇನ್ನೆಷ್ಟು ದಿನ ಇದ್ದೀಯೆ?"

ಅಳೆಯುವ ಹುಡುಗಿಯ ಕೈಯಿಂದ ಪೆನ್ನು ಬಿತ್ತು. ಬಾಗಿಲ ಹಿಂದೆ ನಿಂತಿದ್ದ ಆ ಮನೆಯ ಸೊಸೆ, ಅಂದರೆ ಹುಡುಗನ ಅಮ್ಮ, ಬಾಯಿಗೆ ಸೆರಗು ಒತ್ತಿಕೊಂಡಳು. ಅದು ಗಾಬರಿಗಲ್ಲ, ಅವಳ ಕಣ್ಣು ನಗುತ್ತಿತ್ತು.

"ನಾನು ಸಾಯ್ಲಿ ಅಂತ ಹೇಳ್ತಿಲ್ಲ" ಎಂದೆ. "ನೂರು ವರ್ಸ ಇರು. ಆಮೇಲ? ನಿನ್ ಮಗನ ಮೂಗ ನೋಡು, ಮೊಮ್ಮಗನ ಮೂಗ ನೋಡು. ಮೋಟ್ರು ಸುತ್ತಕ್ಕೇನೋ ಸರಿ. ಗದ್ದ ನೀರ್ಗ ಪಕ್ಕದವ್ನ ಜೊತ ನಿಂತು ಜಗಳಾಡೋರ್ಯಾರು? ಯಾಪಾರದೋನು ತೂಕದಲ್ಲಿ ಮೋಸ ಮಾಡುದ್ರ ಕತ್ತಿನ ಪಟ್ಟಿ ಹಿಡಿಯೋರ್ಯಾರು? ಸಣ್ಣ ಮೂಗಿನವ್ಳ ತಕ್ಕೊ, ಕೂರ್ಸಿ ನೋಡ್ಕೊ. ನೀನು ಓದ ಮಾರ್ನೆ ದಿನ ಈ ಅಟ್ಟಿ ಕೇಳೋರಿಲ್ಲದಂಗ ಆಯ್ತದ."

ಅವಳು ನಗು ನಿಲ್ಲಿಸಿದಳು. ಒಂದು ಹುಣಸೆ ಬೀಜ ಎತ್ತಿಕೊಂಡು ಬೆರಳಲ್ಲಿ ತಿರುಗಿಸಿದಳು. ಗೆದ್ದೆ ಎಂದುಕೊಂಡೆ. ಅವಳು ತಲೆ ಎತ್ತಿ ಕೇಳಿದ್ದು ಬೇರೆ.

"ನಿಮ್ಮಟ್ಟೀಲಿ ರಾಗಿ ಹಿಟ್ಟಿನ ಡಬ್ಬಕ್ಕ ಕೈ ಆಕೋರ್ಯಾರು?"

"ನಾನು."

"ನಿನ್ ಸೊಸ?"

"ಅವ್ಳು ಎಸ್ರು ಮಡುಗ್ತಾಳ, ನಾನು ಹಿಟ್ಟ ಅಳ್ದು ಕೊಡ್ತೀನಿ. ಅವ್ಳು ತೊಳಸ್ತಾಳ."

"ಅವ್ಳು ಬಂದು ಎಷ್ಟು ವರ್ಸಾಯ್ತು?"

"ಇಪ್ಪತ್ತೈದು."

ಅವಳು ಬೀದಿಯವರ ಕಡೆಗೆ ತಿರುಗಿದಳು. "ಕೇಳುದ್ರಾ? ಇಪ್ಪತ್ತೈದು ವರ್ಸದಿಂದ ಸೊಸ ಕೈಗ ಒಂದು ಸೇರು ಹಿಟ್ಟ ಬುಡದ ಮೂಗು, ನಂಗ ಅಟ್ಟೀನೇ ಬುಟ್ಕೊಡು ಅಂತ ಹೇಳಕ್ಕ ಬಸ್ ಅತ್ಕಂಡು ಬಂದದ."

ಬೀದಿಯೆಲ್ಲ ನಕ್ಕಿತು. ಮೊಟಕಿಸಿಕೊಂಡಿದ್ದ ಮೊಮ್ಮಗನೂ ನಕ್ಕ. ನಾನು ಹಿಟ್ಟು ಅಳೆದು ಕೊಡುವುದು ಜಿಪುಣತನಕ್ಕಲ್ಲ. ಯಾರು ಎಷ್ಟು ಉಣ್ಣುತ್ತಾರೆ ಎಂದು ನನಗೆ ಗೊತ್ತು, ಮುದ್ದೆ ಮಿಗಬಾರದು, ಸಾಲದೆಯೂ ಬರಬಾರದು. ಹಾಗೆಂದು ಹೇಳಹೋದೆ.

"ನಾನೂ ಅದ್ನೇ ಹೇಳ್ಕಂಡು ಬಂದಿವ್ನಿ" ಎಂದಳು. "ಕೇಳಿಲ್ಲಿ. ಮೊದ್ಲು ನೀನು ಬುಡು. ನಾಳ ಬೆಳಿಗ್ಗ ಬುಡು. ಬುಟ್ಟು ಬದುಕಬೋದು ಅಂತ ಕಂಡ್ರ ನಂಗೇಳು. ನೀನು ಬುಟ್ಟಂಗ ನಾನೂ ಕಲೀಬೋದು. ಆಗ ನಿನ್ ಮೊಮ್ಮಗಳ ಮೂಗ ನಮ್ಮಟ್ಟಿಗ ತಕ್ಕತೀನಿ. ಇಲ್ದೋದ್ರ ಇಬ್ರೂ ಒಂದೇ, ಸುಮ್ನ ಕಾಪಿ ಕುಡ್ದು ಊರ್ಗೋಗು."

ಕಾಫಿ ತಂದುಕೊಟ್ಟವಳು ಅವಳ ಸೊಸೆ. ಲೋಟ ಕೊಡುವಾಗ ನನ್ನ ಕೈಯನ್ನು ಒಂಚೂರು ಒತ್ತಿದಳು. ಸಕ್ಕರೆ ಎರಡರಷ್ಟು ಹಾಕಿದ್ದಳು.

ಬಸ್ಸಿನಲ್ಲಿ ಹುಡುಗಿ ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿಕೊಂಡಿದ್ದಳು. ನನಗೆ ನಗು ಬರಲಿಲ್ಲ. ಅವಳು ಕೊಳ್ಳೇಗಾಲದಲ್ಲಿ ಇಳಿದು ಹನೂರಿನ ಬಸ್ಸು ಹತ್ತಿದಳು, ನಾನು ಮುಳ್ಳೂರಿಗೆ ಬಂದೆ. ಮೊಮ್ಮಗಳು ಕೆಲಸದಿಂದ ಬಂದು ಚೀಲ ಇಡುವ ಮೊದಲೇ ಏನಾಯಿತು ಎಂದಳು. ಅವಳಪ್ಪ ಅಮ್ಮ ಗದ್ದೆಯಿಂದ ಬಂದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಅಂಗಾದ್ರ ಮುಗೀತು" ಎಂದಳು ಅವಳು. "ನೀನು ಬುಡಾ ಪೈಕೀನಾ? ನಾನು ಆಪರೇಷನ್ನೇ ಮಾಡಿಸ್ಕತೀನಿ. ಅದು ಬೇಗ ಆಯ್ತದ."

ಜಗಲಿಯಲ್ಲಿದ್ದ ಯಜಮಾನರು, "ಅಮ್ಮಿ, ನಿಮ್ಮಜ್ಜೀಗೂ ಅಲ್ಲೇ ಮಾಡ್ಸು. ನಂಗ ಒಂದ್ ನಾಲ್ಕ್ ದಿನ ಮಾತಾಡಕ್ಕ ಸಿಕ್ತದ" ಎಂದರು. ನಾನು ಸೊಸೆಗೆ ಏನೂ ಹೇಳಲಿಲ್ಲ. ಹೇಳಿದರೆ ಅವಳು "ಬೇಡ ಅತ್ತೆ" ಎನ್ನುತ್ತಾಳೆ, ಅದನ್ನೇ ಹಿಡಿದುಕೊಂಡು ನಾನು ಬಿಡದೆ ಇರುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಮಾರನೆಯ ಬೆಳಿಗ್ಗೆ ಒಲೆಯ ಮೇಲೆ ಎಸರು ಕುದಿಯಿತು. ಸೊಸೆ ದಿನದ ಹಾಗೆ ಖಾಲಿ ಮೊರ ಹಿಡಿದುಕೊಂಡು ಬಂದು, "ಅತ್ತೆ, ಹಿಟ್ಟು" ಎಂದಳು.

"ಡಬ್ಬ ಅಲ್ಲೇ ಅದ. ನೀನೇ ತಕ್ಕೊ" ಎಂದೆ.

ಅವಳು ಅಲ್ಲೇ ನಿಂತಳು. ಆಮೇಲೆ ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.

"ಜರ ಇಲ್ಲ ಕಣಮ್ಮಿ. ನಾಳಿಂದ ನನ್ನ ಕೇಳ್ಬ್ಯಾಡ. ಎಸ್ರು ಉಕ್ತಾ ಅದ, ಓಗು."

ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ಅವಳು ಎಷ್ಟು ಹಿಟ್ಟು ತೆಗೆಯುತ್ತಾಳೋ ಎಂದು ನನ್ನ ಕತ್ತು ತಾನಾಗಿಯೇ ತಿರುಗತೊಡಗಿತು. ಅಲ್ಲೇ ಕೂತಿದ್ದರೆ ಬಾಯಿಯೂ ತಿರುಗುತ್ತಿತ್ತು. ಎದ್ದು, ಸೂರಿನಿಂದ ಕುಡುಗೋಲು ಎಳೆದುಕೊಂಡು ಎಮ್ಮೆಗೆ ಹುಲ್ಲು ಕೊಯ್ಯುವ ನೆಪದಲ್ಲಿ ಗದ್ದೆ ಬದುವಿಗೆ ನಡೆದೆ. ಹಿಂದಿನ ದಿನ ಯಜಮಾನರು ತಂದ ಹುಲ್ಲು ಕೊಟ್ಟಿಗೆಯಲ್ಲಿ ಹಾಗೇ ಬಿದ್ದಿತ್ತು.

ಒಂದು ಹಿಡಿ ಕೊಯ್ದಿರಲಿಲ್ಲ, ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು. ಅಗರದವಳು.

"ಬುಟ್ಯಾ?"

"ಬುಟ್ಟೆ."

"ಎಷ್ಟು ಹಿಟ್ಟ ತಕ್ಕಂಡ್ಳು?"

"ನೋಡ್ನಿಲ್ಲ. ಗದ್ದಗ ಬಂದ್ಬುಟ್ಟೆ."

ಆ ಕಡೆಯಿಂದ ಪಾತ್ರೆ ಸದ್ದು ಕೇಳಿಸುತ್ತಿತ್ತು.

"ಕಷ್ಟ ಆಯ್ತದಾ?"

"ಆಯ್ತದ."

"ಊಂ" ಎಂದಳು. "ಸೋಮಾರ ಬತ್ತೀವಿ. ಎಲ ಅಡಕ ಮಡಗಿರು. ಕೂಸ್ಗ ಹೇಳು, ಮೂಗ ಮುಟ್ಕಂಡು ಕೂರ್ಬ್ಯಾಡ ಅಂತ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿದೆ. ಮೊಮ್ಮಗಳು ಏಳೂವರೆ ಬಸ್ಸಿಗೆ ಹೊರಡುವುದರೊಳಗೆ ಹೋಗಿ ಹೇಳಬೇಕಿತ್ತು. ಆದರೆ ಮನೆಯಲ್ಲಿ ಇನ್ನೂ ಮುದ್ದೆ ಕಟ್ಟಿರಲಿಕ್ಕಿಲ್ಲ. ಅಲ್ಲಿಂದಲೇ ಅವಳಿಗೆ ಫೋನು ಹಚ್ಚಿ, ಸೋಮವಾರ ರಜಾ ಹಾಕು ಎಂದು ಹೇಳಿ, ಬಗ್ಗಿ ಒಂದು ಹೊರೆ ಹುಲ್ಲು ಕೊಯ್ದೆ.